ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ದಿನಗಳು: ಹಾಸನದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಅರಸೀಕೆರೆ, ಚನ್ನರಾಯಪಟ್ಟಣ, ಸಕಲೇಶಪುರಗಳ ಕಡೆಯಿಂದ ಬ್ಯಾರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ಹೋಗುವ ಅನೇಕರು ಬೆಂಗಳೂರು, ಮೈಸೂರು ಅಥವಾ ಮಂಗಳೂರಿನ ಆಸ್ಪತ್ರೆಯಲ್ಲಿ ಕೆಲವೇ ದಿನ ಇದ್ದು ಊರಿಗೆ ಮರಳುತ್ತಾರೆ. ಅಲ್ಲಿಂದ ಮುಂದಿನ ಬದುಕೆಲ್ಲ ನಡೆಯುವುದು ಇಲ್ಲಿಯೇ: ಮನೆಯ ಮುದ್ದೆ ಸಾರಿನ ಮುಂದೆ, ಮದುವೆ ಛತ್ರದ ಪಂಕ್ತಿಯಲ್ಲಿ, ತೋಟದ ಕೆಲಸದಲ್ಲಿ, ನೆಂಟರಿಷ್ಟರ ಪ್ರಶ್ನೆಗಳ ನಡುವೆ. ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕೆಲವರು ಹಾಸನದಲ್ಲಿ ಆಗಾಗ ಸೇರಿ ಮಾತನಾಡುತ್ತೇವೆ. ಆ ಮಾತುಕತೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇವೆ. ನಿಮ್ಮ ಆಸ್ಪತ್ರೆಯವರು ಕೊಟ್ಟ ಸೂಚನೆ ಇಲ್ಲಿರುವುದಕ್ಕಿಂತ ಬೇರೆಯಾಗಿದ್ದರೆ ಅವರು ಹೇಳಿದ್ದನ್ನೇ ಪಾಲಿಸಬೇಕು.

ಶಸ್ತ್ರಚಿಕಿತ್ಸೆಯಲ್ಲಿ ಒಳಗೆ ಏನು ಬದಲಾಗಿರುತ್ತದೆ?

ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗವನ್ನು, ಕೆಲವೊಮ್ಮೆ ಅದಕ್ಕಿಂತ ಸ್ವಲ್ಪ ಹೆಚ್ಚನ್ನು, ಕತ್ತರಿಸಿ ತೆಗೆದಿರುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಸಪೂರ ಕೊಳವೆ. ಅದರಲ್ಲಿ ಹಿಡಿಸುವುದು ಸುಮಾರು 100ರಿಂದ 150 ಮಿಲಿಲೀಟರ್. ಬೈಪಾಸ್ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ ಅದನ್ನು ಸಣ್ಣ ಕರುಳಿನ ಕೆಳಗಿನ ಭಾಗಕ್ಕೆ ಜೋಡಿಸುತ್ತಾರೆ. ಹೀಗಾಗಿ ಊಟದ ಪ್ರಮಾಣ ತಗ್ಗುವುದರ ಜೊತೆಗೆ ಕಬ್ಬಿಣ, ಕ್ಯಾಲ್ಸಿಯಂ, ಬಿ12 ಮುಂತಾದವುಗಳನ್ನು ದೇಹ ಹೀರಿಕೊಳ್ಳುವ ರೀತಿಯೂ ಬದಲಾಗುತ್ತದೆ. ಹಸಿವನ್ನು ನಿಯಂತ್ರಿಸುವ ಹಾರ್ಮೋನುಗಳೂ ಬದಲಾಗುತ್ತವೆ. ಎಷ್ಟೋ ಜನರಲ್ಲಿ ತೂಕ ಹೆಚ್ಚೇನೂ ಇಳಿಯುವ ಮುನ್ನವೇ ರಕ್ತದ ಸಕ್ಕರೆ ಇಳಿಯುವುದಕ್ಕೆ ಇದೂ ಒಂದು ಕಾರಣ.

ವೈದ್ಯರು ಮತ್ತು ಆಹಾರ ತಜ್ಞರು ಇರುವಾಗ, ಶಸ್ತ್ರಚಿಕಿತ್ಸೆ ಆದ ಇನ್ನೊಬ್ಬರ ಜೊತೆ ಮಾತನಾಡುವ ಅಗತ್ಯವೇನು?

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು ಎಂದು ಆಹಾರ ತಜ್ಞೆ ಹೇಳುತ್ತಾರೆ, ಅದು ಸರಿಯಾದ ಮಾತು. ಆದರೆ ಅತ್ತೆಯವರು ಹಬ್ಬದ ದಿನ ಪ್ರೀತಿಯಿಂದ ಬಡಿಸಿದ ಹೋಳಿಗೆಯನ್ನು ಅವರ ಮನಸ್ಸು ನೋಯದಂತೆ ಹೇಗೆ ಬೇಡವೆನ್ನುವುದು, ಹೊಲದಲ್ಲಿ ಕೆಲಸ ಮಾಡುವಾಗ ಹದಿನೈದು ನಿಮಿಷಕ್ಕೊಮ್ಮೆ ನೀರು ಗುಟುಕರಿಸಲು ಹೇಗೆ ನೆನಪಿಟ್ಟುಕೊಳ್ಳುವುದು, ಎರಡು ತುತ್ತಿಗೇ ಎದೆಯೊಳಗೆ ಕಟ್ಟಿದಂತಾದಾಗ ಪಂಕ್ತಿಯಿಂದ ಏಳುವುದು ಹೇಗೆ, ಇವೆಲ್ಲ ಆಸ್ಪತ್ರೆಯ ಹತ್ತು ನಿಮಿಷದ ಭೇಟಿಯಲ್ಲಿ ಬರುವ ವಿಷಯಗಳಲ್ಲ. ಅನುಭವಿಸಿದವರಿಗೆ ಮಾತ್ರ ಅವು ತಕ್ಷಣ ಅರ್ಥವಾಗುತ್ತವೆ.

ಇನ್ನೊಂದು ಕಾರಣ ಇದಕ್ಕಿಂತ ಮುಖ್ಯವೆಂದು ನಮ್ಮ ಅಭಿಪ್ರಾಯ. ನಮ್ಮ ಕಡೆ ಈ ಶಸ್ತ್ರಚಿಕಿತ್ಸೆಯನ್ನು ಗುಟ್ಟಾಗಿ ಮಾಡಿಸಿಕೊಳ್ಳುವವರು ಬಹಳ. ತಿನ್ನುವುದನ್ನು ಬಿಡಲಾಗದೆ ಹೊಟ್ಟೆ ಕೊಯ್ಯಿಸಿಕೊಂಡರು ಎಂಬ ಮಾತು ಬರುತ್ತದೆಂಬ ಭಯಕ್ಕೆ, ಹರ್ನಿಯಾ ಆಪರೇಷನ್ ಎಂದೋ ಪಿತ್ತಕೋಶದ ಕಲ್ಲು ಎಂದೋ ಹೇಳಿ ಹೋಗಿ ಬರುತ್ತಾರೆ. ಬೊಜ್ಜು ದೀರ್ಘಕಾಲದ ಕಾಯಿಲೆಯೆಂದು ವೈದ್ಯಶಾಸ್ತ್ರ ಒಪ್ಪಿದೆ. ಆದರೂ ಅದನ್ನು ಹೊಟ್ಟೆಬಾಕತನವೆಂದು ನೋಡುವುದು ನಿಂತಿಲ್ಲ. ಗುಟ್ಟು ಕಾಯುವವರು ಸಂಜೆ ವಾಂತಿಯಾದರೂ ಯಾರಿಗೂ ಹೇಳುವುದಿಲ್ಲ, ಮಾತ್ರೆ ಮುಗಿದರೂ ಊರಿನ ಅಂಗಡಿಯಲ್ಲಿ ಕೇಳುವುದಿಲ್ಲ, ಮರುತಪಾಸಣೆಗೆ ಹೋಗಲು ನೆಪ ಸಿಗದೆ ಮುಂದೂಡುತ್ತಾರೆ. ಇಂಥವರಿಗೆ, ಏನನ್ನೂ ಮುಚ್ಚಿಡದೆ ಮಾತನಾಡಬಹುದಾದ ಒಬ್ಬರಾದರೂ ಇದ್ದರೆ ಅವರ ಆರೋಗ್ಯಕ್ಕೇ ಅದರಿಂದ ನೇರವಾದ ಪ್ರಯೋಜನವಿದೆ.

ಹಾಗಾದರೆ ಎಲ್ಲರಿಗೂ ಹೇಳಬೇಕೇ?

ಬೇಕಿಲ್ಲ. ನಿಮ್ಮ ದೇಹದ ವಿಷಯವನ್ನು ಊರಿಗೆಲ್ಲ ಹೇಳಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ. ಆದರೆ ಮನೆಯಲ್ಲಿ ಅಡುಗೆ ಮಾಡುವವರಿಗೆ, ತುರ್ತು ಸಂದರ್ಭದಲ್ಲಿ ಜೊತೆಗೆ ಬರಬಹುದಾದ ಒಬ್ಬರಿಗೆ ಮತ್ತು ನಿಮಗೆ ಚಿಕಿತ್ಸೆ ಕೊಡುವ ಪ್ರತಿಯೊಬ್ಬ ವೈದ್ಯರಿಗೆ ಹೇಳಲೇಬೇಕು. ಉಳಿದವರಿಗೆ ಏನು ಹೇಳುವುದೆಂದು ಮೊದಲೇ ಯೋಚಿಸಿಟ್ಟುಕೊಳ್ಳಿ. "ಯಾಕಕ್ಕ, ಹುಷಾರಿಲ್ವಾ, ಇಷ್ಟು ಸೊರಗಿದ್ದೀಯ?" ಎಂದು ಕೇಳುವವರಿಗೆ "ಡಾಕ್ಟರ ಸಲಹೆ ಪ್ರಕಾರ ತೂಕ ಇಳಿಸ್ತಿದ್ದೀನಿ, ಸಕ್ಕರೆ ಹತೋಟಿಗೆ ಬಂದಿದೆ" ಎಂದರೆ ಸಾಕು. ಅದರಲ್ಲಿ ಸುಳ್ಳಿಲ್ಲ, ಮುಂದಿನ ಪ್ರಶ್ನೆಗೆ ಹೆಚ್ಚು ಎಡೆಯೂ ಇಲ್ಲ.

ಮುದ್ದೆಯನ್ನು ಯಾವಾಗಿನಿಂದ ತಿನ್ನಬಹುದು?

ನಮ್ಮ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕೇಳುವ ಪ್ರಶ್ನೆ ಇದು. ಇದಕ್ಕೆ ನಿಧಾನವಾಗಿ ಉತ್ತರಿಸಬೇಕು, ಏಕೆಂದರೆ ತೊಂದರೆ ಇರುವುದು ರಾಗಿಯಲ್ಲಲ್ಲ, ನಾವು ಅದನ್ನು ತಿನ್ನುವ ಕ್ರಮದಲ್ಲಿ. ಮುದ್ದೆಯನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಶಸ್ತ್ರಚಿಕಿತ್ಸೆಯ ನಂತರ ಪ್ರತಿಯೊಂದು ತುತ್ತೂ ಬಾಯಲ್ಲೇ ಪೂರ್ತಿ ನುಣ್ಣಗಾಗಿ ಇಳಿಯಬೇಕು. ಅಗಿಯದೆ ನುಂಗಿದ ಅಂಟಾದ ತುತ್ತು ಕಿರಿದಾದ ದಾರಿಯಲ್ಲಿ ಸಿಕ್ಕಿಕೊಂಡರೆ ಎದೆಯ ಮಧ್ಯೆ ನೋವು, ಬಾಯಿ ತುಂಬ ನೊರೆ ಜೊಲ್ಲು, ಕೊನೆಗೆ ವಾಂತಿ.

ಸಾಮಾನ್ಯವಾಗಿ ಮೊದಲ ಎರಡು ವಾರ ದ್ರವ ಆಹಾರ, ಆಮೇಲಿನ ಎರಡು ವಾರ ನುಣ್ಣಗೆ ರುಬ್ಬಿದ ಆಹಾರ, ಅನಂತರ ಮೆತ್ತಗಿನ ಆಹಾರ, ಎರಡು ತಿಂಗಳ ಹೊತ್ತಿಗೆ ಮನೆಯ ಸಾಧಾರಣ ಊಟ ಎಂಬ ಕ್ರಮವಿರುತ್ತದೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ವ್ಯತ್ಯಾಸವಿದೆ. ಆಹಾರ ತಜ್ಞರು ಒಪ್ಪಿದ ಹಂತದಿಂದ ರಾಗಿಯನ್ನು ಸೋಸಿದ ತೆಳು ಅಂಬಲಿಯ ರೂಪದಲ್ಲಿ ಆರಂಭಿಸಬಹುದು. ಮುದ್ದೆಗೆ ಬರುವುದು ಕೊನೆಯಲ್ಲಿ. ಆಗಲೂ ನೆಲ್ಲಿಕಾಯಿ ಗಾತ್ರದ ಮೆತ್ತನೆಯ ಮುದ್ದೆಯನ್ನು ಕಡಲೆಕಾಳಿನಷ್ಟು ಚಿಕ್ಕ ತುತ್ತುಗಳಾಗಿ ಮುರಿದು, ಅಗಿದು ತಿನ್ನಬೇಕು. ಅಗಿದ ಮುದ್ದೆ ಮೊದಮೊದಲು ರುಚಿಸುವುದಿಲ್ಲ. ಕೆಲವರು ಈ ಕಾರಣಕ್ಕೆ ಮುದ್ದೆ ಬಿಟ್ಟು ತೆಳುವಾದ ರಾಗಿ ರೊಟ್ಟಿಗೆ ಹೋಗುತ್ತಾರೆ, ಅದೂ ಒಳ್ಳೆಯದೇ.

ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ, 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ. ಆದರೆ ಈಗ ನೀವು ತಿನ್ನುವ ರಾಗಿ ಅದರಲ್ಲಿ ಒಂದು ಪಾಲು ಮಾತ್ರ. ಆದ್ದರಿಂದ ರಾಗಿ ತಿನ್ನುತ್ತೇನೆ, ಕ್ಯಾಲ್ಸಿಯಂ ಮಾತ್ರೆ ಬೇಡ ಎಂಬ ಲೆಕ್ಕ ಸರಿಹೊಂದುವುದಿಲ್ಲ.

ದಿನಕ್ಕೆ 60 ಗ್ರಾಂ ಪ್ರೋಟೀನ್ ನಮ್ಮ ಅಡುಗೆಯಲ್ಲಿ ಸಿಗುತ್ತದೆಯೇ?

ಸಿಗುತ್ತದೆ, ಆದರೆ ತಟ್ಟೆಯಲ್ಲಿ ಮೊದಲು ಏನನ್ನು ತಿನ್ನುತ್ತೀರಿ ಎಂಬುದನ್ನು ಬದಲಿಸಬೇಕಾಗುತ್ತದೆ. ಬಸ್ಸಾರನ್ನೇ ತೆಗೆದುಕೊಳ್ಳಿ. ಕಾಳು ಸೊಪ್ಪು ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು ಮಾಡಿ, ಕಾಳನ್ನು ಪಲ್ಯ ಮಾಡುತ್ತೇವೆ. ನಾಲಿಗೆಗೆ ಬೇಕಾದದ್ದು ಸಾರಿನಲ್ಲಿದ್ದರೂ ಪ್ರೋಟೀನ್ ಬಹುಪಾಲು ಉಳಿಯುವುದು ಕಾಳಿನಲ್ಲಿ. ಹೀಗಾಗಿ ಪಲ್ಯವನ್ನು ಮೊದಲು ತಿಂದು, ಜಾಗವಿದ್ದರೆ ಮಾತ್ರ ಅನ್ನ ಅಥವಾ ಮುದ್ದೆ. ಹುರುಳಿಕಾಳಿನ ಸಾರು ಕುಡಿದರೆ ಹುರುಳಿ ತಿಂದಂತೆ ಆಗುವುದಿಲ್ಲ. ಕಾಳನ್ನು ಮೆತ್ತಗೆ ಬೇಯಿಸಿ ರುಬ್ಬಿಕೊಳ್ಳಬೇಕು. ಅವರೆಕಾಯಿ ಕಾಲದಲ್ಲಿ ಹಿತಕಿದ ಬೇಳೆ ಬಹಳ ಅನುಕೂಲ, ಸಿಪ್ಪೆ ಇಲ್ಲದಿರುವುದರಿಂದ ಸುಲಭವಾಗಿ ನುಣ್ಣಗಾಗುತ್ತದೆ.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7 ಗ್ರಾಂ, 50 ಗ್ರಾಂ ಪನೀರಿನಲ್ಲಿ ಸುಮಾರು 9 ಗ್ರಾಂ, ಬೇಯಿಸಿದ 100 ಗ್ರಾಂ ಮೀನಿನಲ್ಲಿ 20 ಗ್ರಾಂ ಅಥವಾ ತುಸು ಹೆಚ್ಚು ಪ್ರೋಟೀನ್ ಇರುತ್ತದೆ. ಮೊದಲ ತಿಂಗಳುಗಳಲ್ಲಿ ಊಟದಿಂದ ಇಷ್ಟನ್ನು ತುಂಬಿಸಲು ಅನೇಕರಿಗೆ ಆಗುವುದಿಲ್ಲ, ಆಗ ಪ್ರೋಟೀನ್ ಪುಡಿ ಬೇಕಾಗುತ್ತದೆ. ಯಾವ ಪುಡಿ, ಎಷ್ಟು ಎಂಬುದನ್ನು ಆಹಾರ ತಜ್ಞರಿಂದಲೇ ತಿಳಿಯಿರಿ, ಜಿಮ್‌ನ ಪಕ್ಕದ ಅಂಗಡಿಯವರಿಂದ ಬೇಡ.

ನೀರು ಹೇಗೆ ಕುಡಿಯಬೇಕು?

ದಿನಕ್ಕೆ ಸುಮಾರು ಒಂದೂವರೆ ಲೀಟರ್, ಗುಟುಕು ಗುಟುಕಾಗಿ. ಊಟದ ಜೊತೆ ಕುಡಿಯಬಾರದು, ಊಟವಾದ ಮೇಲೆ ಅರ್ಧ ಗಂಟೆ ಬಿಡಬೇಕು. ಹಾಸನಾಂಬೆಯ ದರ್ಶನ ದೀಪಾವಳಿಯ ಆಸುಪಾಸಿನ ಕೆಲವೇ ದಿನ ಇರುವುದರಿಂದ ಸರದಿಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯಾಗಿ ಕೆಲವೇ ವಾರಗಳಾಗಿದ್ದರೆ ಆ ವರ್ಷ ಹೋಗದಿರುವುದು ಮೇಲು. ಆಮೇಲಿನ ವರ್ಷಗಳಲ್ಲಿ ನೀರಿನ ಬಾಟಲಿ ಕೈಯಲ್ಲೇ ಇರಲಿ.

ಮದುವೆ, ಬೀಗರ ಊಟ, ತಿಥಿ ಊಟಗಳಲ್ಲಿ ಏನು ಮಾಡಬೇಕು?

ಎಲೆಯಲ್ಲಿ ಅನ್ನ ಬಿಡುವುದು ಅನ್ನಕ್ಕೂ ಬಡಿಸಿದವರಿಗೂ ಅಗೌರವ ಎಂದು ಬೆಳೆದವರು ನಾವು. ಅದರ ಜೊತೆಗೆ ಛತ್ರದಲ್ಲಿ ಪಂಕ್ತಿ ಬಹಳ ಬೇಗ ಸಾಗುತ್ತದೆ, ಮುಂದಿನ ಪಂಕ್ತಿಯವರು ನಿಮ್ಮ ಕುರ್ಚಿಯ ಹಿಂದೆಯೇ ಕಾಯುತ್ತ ನಿಂತಿರುತ್ತಾರೆ. ಒಂದು ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕಿರುವವರಿಗೆ ಆ ಅವಸರವೇ ದೊಡ್ಡ ಅಪಾಯ. ವಾಂತಿಯಾಗುವುದು ಹೆಚ್ಚಾಗಿ ಆತುರದಿಂದ ನುಂಗಿದಾಗ. ಆದ್ದರಿಂದ ಕೊನೆಯ ಪಂಕ್ತಿಗೆ ಕುಳಿತುಕೊಳ್ಳಿ. ವಿಷಯ ತಿಳಿದವರೊಬ್ಬರು ಪಕ್ಕದಲ್ಲಿರಲಿ, ಬಡಿಸುವವರಿಗೆ ಅವರೇ ಹೇಳಲಿ. ಬಡಿಸಿದ ಮೇಲೆ ಬೇಡ ಎನ್ನುವುದಕ್ಕಿಂತ, ಬಡಿಸುವ ಮುನ್ನವೇ ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು ಸುಲಭ, ಏನೂ ವ್ಯರ್ಥವಾಗುವುದಿಲ್ಲ. ಎಲೆಯಲ್ಲಿ ಹೆಸರುಬೇಳೆ ಕೋಸಂಬರಿ ಇದ್ದರೆ ಚೆನ್ನಾಗಿ ಅಗಿದು ಅದನ್ನೇ ಮೊದಲು ತಿನ್ನಿ. ಮನೆಯಲ್ಲೇ ಒಂದು ಮೊಟ್ಟೆ ಅಥವಾ ಸ್ವಲ್ಪ ಮೊಸರು ತಿಂದು ಹೊರಟರೆ ಛತ್ರದಲ್ಲಿ ಹಸಿವಿನ ಒತ್ತಡವಿರುವುದಿಲ್ಲ.

ಬೀಗರ ಊಟ ಮತ್ತು ಯುಗಾದಿಯ ಮರುದಿನದ ಹೊಸತೊಡಕು ಇನ್ನೂ ಕಷ್ಟ. ಮಟನ್ ತುಂಡಿನ ನಾರು, ಬೋಟಿ, ಗಟ್ಟಿ ನಾಟಿಕೋಳಿ ಮೊದಲ ತಿಂಗಳುಗಳಲ್ಲಿ ಸಿಕ್ಕಿಕೊಳ್ಳುವುದು ಸಾಮಾನ್ಯ. ಕೈಮ ಉಂಡೆ, ಮೀನು, ಬೇಯಿಸಿದ ಮೊಟ್ಟೆ ಸುಲಭವಾಗಿ ಇಳಿಯುತ್ತವೆ. ಆತಿಥೇಯರು ನಿಮ್ಮ ಹತ್ತಿರದವರಾದರೆ ಹಿಂದಿನ ದಿನವೇ ಫೋನ್ ಮಾಡಿ ಹೇಳಿಬಿಡಿ. ಪ್ರೀತಿಯಿಂದ ಒತ್ತಾಯ ಮಾಡುವವರು ಕಾರಣ ತಿಳಿದರೆ ಅದೇ ಪ್ರೀತಿಯಿಂದ ಸುಮ್ಮನಾಗುತ್ತಾರೆ ಎಂಬುದನ್ನು ನಮ್ಮಲ್ಲಿ ಹಲವರು ಕಂಡಿದ್ದಾರೆ.

ಪಾಯಸ ಕುಡಿದ ಸ್ವಲ್ಪ ಹೊತ್ತಿಗೆ ಎದೆ ಹೊಡೆದುಕೊಂಡು ಬೆವರುವುದು ಏಕೆ?

ಇದನ್ನು ಡಂಪಿಂಗ್ ಎನ್ನುತ್ತಾರೆ. ಸಕ್ಕರೆ ತುಂಬಿದ ಆಹಾರ ಒಮ್ಮೆಲೇ ಸಣ್ಣ ಕರುಳಿಗೆ ಇಳಿದಾಗ ಅರ್ಧ ಗಂಟೆಯೊಳಗೆ ಎದೆಬಡಿತ, ಬೆವರು, ಹೊಟ್ಟೆ ನುಲಿತ, ಭೇದಿ ಆಗಬಹುದು. ಬೈಪಾಸ್ ಆದವರಲ್ಲಿ ಇದು ಹೆಚ್ಚು. ಇನ್ನು ಕೆಲವರಿಗೆ ಊಟವಾಗಿ ಒಂದರಿಂದ ಮೂರು ಗಂಟೆಯ ನಂತರ ರಕ್ತದ ಸಕ್ಕರೆ ತೀರಾ ಕುಸಿದು ನಡುಕ, ಕಣ್ಣುಕತ್ತಲೆ ಬರುತ್ತದೆ. ಬೈಕ್ ಅಥವಾ ಟ್ರ್ಯಾಕ್ಟರ್ ಓಡಿಸುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು, ವೈದ್ಯರಿಗೆ ತಿಳಿಸಬೇಕು.

ವಿಟಮಿನ್ ಮಾತ್ರೆ ಎಷ್ಟು ದಿನ? ಕಾಫಿ ಬಿಡಬೇಕೇ?

ಮಾತ್ರೆಗಳು ಜೀವನಪೂರ್ತಿ. ಮಲ್ಟಿವಿಟಮಿನ್, ಬಿ12, ಕಬ್ಬಿಣ, ವಿಟಮಿನ್ ಡಿ, ಜೊತೆಗೆ ಆಹಾರವೂ ಸೇರಿ ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ. ಕ್ಯಾಲ್ಸಿಯಂ ಅನ್ನು ಒಂದೇ ಸಲಕ್ಕೆ ನುಂಗದೆ 500–600 ಮಿಲಿಗ್ರಾಂನಂತೆ ಹಂಚಿಕೊಳ್ಳಬೇಕು. ಆಮ್ಲ ಕಡಿಮೆಯಿರುವ ಜಠರದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್‌ಗಿಂತ ಸಿಟ್ರೇಟ್ ಚೆನ್ನಾಗಿ ಹೀರಲ್ಪಡುತ್ತದೆ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರವಿರಲಿ, ಕಬ್ಬಿಣಕ್ಕೂ ಕಾಫಿ ಟೀಗಳಿಗೂ ಅಷ್ಟೇ ಅಂತರವಿರಲಿ. ಕಾಫಿಯ ನಾಡಿನವರಿಗೆ ಕಾಫಿಯನ್ನು ಪೂರ್ತಿ ಬಿಡಿ ಎನ್ನಬೇಕಾಗಿಲ್ಲ. ಮೊದಲ ವಾರಗಳು ಕಳೆದು ವೈದ್ಯರು ಒಪ್ಪಿದ ಮೇಲೆ, ಸಕ್ಕರೆ ಇಲ್ಲದ ಒಂದು ಸಣ್ಣ ಲೋಟ ಸಾಕು.

ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಬೇಕು. ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ ಮುಂತಾದವುಗಳಿಗೆ ರಕ್ತವನ್ನು ಹಾಸನದಲ್ಲೇ ಕೊಟ್ಟು ವರದಿಯನ್ನು ಬೆಂಗಳೂರಿನ ವೈದ್ಯರಿಗೆ ಕಳುಹಿಸಬಹುದು, ಅದಕ್ಕಾಗಿಯೇ 180 ಕಿಲೋಮೀಟರ್ ಹೋಗಬೇಕಾಗಿಲ್ಲ.

ಕೂದಲು ಕೈತುಂಬ ಉದುರುತ್ತಿದೆ. ಹಾಗೆಯೇ ಬೋಳಾಗುತ್ತದೆಯೇ?

ಇಲ್ಲ. ವೇಗವಾಗಿ ತೂಕ ಇಳಿದಾಗ ಮೂರರಿಂದ ಆರು ತಿಂಗಳ ನಡುವೆ ಕೂದಲು ಉದುರುವುದು ಸಾಮಾನ್ಯ, ಪ್ರೋಟೀನ್ ಮತ್ತು ಕಬ್ಬಿಣ ಸರಿಯಾಗಿದ್ದರೆ ಮತ್ತೆ ಬೆಳೆಯುತ್ತದೆ. ವರ್ಷ ಕಳೆದರೂ ನಿಲ್ಲದಿದ್ದರೆ ರಕ್ತ ಪರೀಕ್ಷೆ ಮಾಡಿಸಬೇಕು.

ಊರಿನ ಕ್ಲಿನಿಕ್ಕಿಗೆ ಹೋದಾಗ ಏನು ಹೇಳಬೇಕು?

ಈ ಉತ್ತರವನ್ನು ದಯವಿಟ್ಟು ಮನೆಯವರಿಗೂ ಓದಿ ಹೇಳಿ. ಮೈಕೈ ನೋವೆಂದು ಹೋದರೆ ನಮ್ಮಲ್ಲಿ ಡೈಕ್ಲೋಫೆನಾಕ್ ಇಂಜೆಕ್ಷನ್ ಅಥವಾ ಐಬುಪ್ರೊಫೆನ್ ಮಾತ್ರೆ ಸಿಗುವುದು ಸುಲಭ. ಈ ವರ್ಗದ ನೋವು ನಿವಾರಕಗಳು, ವಿಶೇಷವಾಗಿ ಬೈಪಾಸ್ ಆದವರಲ್ಲಿ, ಜೋಡಿಸಿದ ಜಾಗದಲ್ಲಿ ಹುಣ್ಣು ಮಾಡುತ್ತವೆ. ಬೀಡಿ, ಸಿಗರೇಟು ಕೂಡ ಅದೇ ಹುಣ್ಣಿಗೆ ದಾರಿ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ಹಳೆಯ ಚೀಟಿಯ ಪ್ರಕಾರವೇ ಮುಂದುವರಿಸಿದರೆ ಸಕ್ಕರೆಯೂ ಒತ್ತಡವೂ ಅಪಾಯಕಾರಿಯಾಗಿ ಇಳಿಯಬಹುದು. ಅವುಗಳ ಪ್ರಮಾಣವನ್ನು ವೈದ್ಯರೇ ಹೊಸದಾಗಿ ನಿರ್ಧರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ವಾಂತಿ. ದಿನಗಟ್ಟಲೆ ವಾಂತಿಯಾಗುತ್ತಿದ್ದರೆ ದೇಹದಲ್ಲಿ ಥಯಾಮಿನ್, ಅಂದರೆ ಬಿ1, ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ನಡೆಯುವಾಗ ತೂರಾಡುವುದು, ಎರಡೆರಡು ಕಾಣಿಸುವುದು, ಗೊಂದಲದ ಮಾತು ಇದರ ಲಕ್ಷಣಗಳು. ತಡಮಾಡಿದರೆ ಮೆದುಳಿಗೆ ಶಾಶ್ವತ ಹಾನಿಯಾಗಬಹುದು. ಸುಸ್ತಾಗಿದೆ ಎಂದು ಗ್ಲೂಕೋಸ್ ಬಾಟಲಿ ಹಾಕಿಸಿಕೊಳ್ಳುವುದು ನಮ್ಮ ಕಡೆ ವಾಡಿಕೆ. ಥಯಾಮಿನ್ ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಇಂಥವರ ಸ್ಥಿತಿ ಬಿಗಡಾಯಿಸಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆಯ ಹೆಸರು, ದಿನಾಂಕ, ವೈದ್ಯರ ದೂರವಾಣಿ ಸಂಖ್ಯೆ ಬರೆದ ಚೀಟಿ ಸದಾ ಪರ್ಸಿನಲ್ಲಿರಲಿ, ಡಿಸ್ಚಾರ್ಜ್ ಸಾರಾಂಶದ ಫೋಟೋ ಮನೆಯವರ ಫೋನಿನಲ್ಲೂ ಇರಲಿ.

ಮದ್ಯಪಾನ?

ಬಿಡುವುದೇ ಒಳ್ಳೆಯದು. ಶಸ್ತ್ರಚಿಕಿತ್ಸೆಯ ನಂತರ, ಅದರಲ್ಲೂ ಬೈಪಾಸ್ ಆದವರಿಗೆ, ಸ್ವಲ್ಪ ಕುಡಿದರೂ ಬೇಗ ತಲೆಗೇರುತ್ತದೆ, ಮೊದಲು ಚಟವಿಲ್ಲದವರಿಗೂ ಚಟ ಅಂಟುವ ಸಾಧ್ಯತೆ ಹೆಚ್ಚು.

ಮಗು ಬೇಕೆಂದಿದ್ದೇವೆ. ಎಷ್ಟು ಕಾಯಬೇಕು?

12ರಿಂದ 18 ತಿಂಗಳು ಕಾಯುವಂತೆ ವೈದ್ಯರು ಹೇಳುತ್ತಾರೆ. ತೂಕ ಇಳಿಯುತ್ತಿದ್ದಂತೆ ಮುಟ್ಟು ಕ್ರಮಕ್ಕೆ ಬಂದು, ವರ್ಷಗಳಿಂದ ಗರ್ಭ ನಿಲ್ಲದವರಿಗೂ ಅನಿರೀಕ್ಷಿತವಾಗಿ ನಿಲ್ಲಬಹುದು. ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಗುಳಿಗೆಯನ್ನು ಪೂರ್ತಿ ನಂಬಲಾಗದು, ಬೇರೆ ವಿಧಾನವನ್ನು ಸ್ತ್ರೀರೋಗ ತಜ್ಞರೊಂದಿಗೆ ಮಾತನಾಡಿ. ಗರ್ಭಿಣಿಯಾದ ಮೇಲೆ ಗ್ಲೂಕೋಸ್ ನೀರು ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ ಡಂಪಿಂಗ್ ತರಬಹುದು, ಮೊದಲ ಭೇಟಿಯಲ್ಲೇ ಶಸ್ತ್ರಚಿಕಿತ್ಸೆಯ ವಿಷಯ ತಿಳಿಸಿ.

ತೂಕ ಇಳಿಯುವುದು ನಿಂತಿದೆ, ಅಥವಾ ಮತ್ತೆ ಏರುತ್ತಿದೆ. ನಾನು ಸೋತೆನೇ?

ಸೋತಿಲ್ಲ. ಮೊದಲ ತಿಂಗಳಲ್ಲೇ ಕೆಲವು ದಿನ ತೂಕ ನಿಲ್ಲುವುದುಂಟು. 12ರಿಂದ 18 ತಿಂಗಳವರೆಗೆ ಇಳಿದು, ಆಮೇಲೆ ಸ್ವಲ್ಪ ಏರುವುದು ಬಹುಪಾಲು ಜನರಲ್ಲಿ ಕಾಣುವ ಸಂಗತಿ; ಕಳೆದುಕೊಂಡ ತೂಕವನ್ನು ಮರಳಿ ಪಡೆಯಲು ದೇಹ ತನ್ನಷ್ಟಕ್ಕೆ ಪ್ರಯತ್ನಿಸುತ್ತಲೇ ಇರುತ್ತದೆ. ಏರಿಕೆ ಮುಂದುವರಿದರೆ ಮೊದಲು ನೋಡಬೇಕಾದದ್ದು ಕುರುಕಲು ತಿಂಡಿ. ಚಕ್ಕುಲಿ, ಕೋಡುಬಳೆ, ಆಲೂಗಡ್ಡೆ ಚಿಪ್ಸ್ ಬಾಯಲ್ಲೇ ಕರಗಿ ಜಠರದಲ್ಲಿ ನಿಲ್ಲದೆ ಇಳಿಯುವುದರಿಂದ ಹೊಟ್ಟೆ ತುಂಬಿದ ಅನುಭವವೇ ಆಗುವುದಿಲ್ಲ. ಈ ಹಂತದಲ್ಲೇ ಹೆಚ್ಚಿನವರು ನಾಚಿಕೆಪಟ್ಟು ಬಳಗಕ್ಕೂ ಆಸ್ಪತ್ರೆಗೂ ಬರುವುದನ್ನು ನಿಲ್ಲಿಸುತ್ತಾರೆ. ನಿಜವಾಗಿ ಎಲ್ಲಕ್ಕಿಂತ ಹೆಚ್ಚಾಗಿ ಬರಬೇಕಾದ ಹೊತ್ತು ಅದು. ಔಷಧಿಯೂ ಸೇರಿದಂತೆ ಮುಂದಿನ ಚಿಕಿತ್ಸೆಗಳಿವೆ.

ತೂಕ ಇಳಿದರೂ ಮನಸ್ಸು ಕುಗ್ಗಿದೆ. ಇದು ಸಹಜವೇ?

ಹಲವರಿಗೆ ಆಗುತ್ತದೆ. ದುಃಖಕ್ಕೂ ಬೇಸರಕ್ಕೂ ಊಟವೇ ಸಮಾಧಾನವಾಗಿದ್ದವರಿಗೆ ಆ ಆಸರೆ ಒಮ್ಮೆಲೇ ಕೈತಪ್ಪುತ್ತದೆ. ಜೋತುಬಿದ್ದ ಚರ್ಮ ಕನ್ನಡಿಯ ಮುಂದೆ ಬೇರೆ ಬೇಸರ ತರುತ್ತದೆ. ಶಸ್ತ್ರಚಿಕಿತ್ಸೆಯ ನಂತರದ ವರ್ಷಗಳಲ್ಲಿ ತಮ್ಮನ್ನೇ ನೋಯಿಸಿಕೊಳ್ಳುವ ಪ್ರವೃತ್ತಿ ಕೆಲವರಲ್ಲಿ ಹೆಚ್ಚಾಗುವುದನ್ನು ವೈದ್ಯಕೀಯ ಅಧ್ಯಯನಗಳು ಗುರುತಿಸಿವೆ, ಆದ್ದರಿಂದ ಇದನ್ನು ಮುಚ್ಚಿಡಬೇಡಿ. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನಮ್ಮೂರಿನಲ್ಲಿ ಇಂಥ ಬಳಗವಿಲ್ಲ. ಆರಂಭಿಸುವುದು ಹೇಗೆ?

ಇಬ್ಬರಿದ್ದರೆ ಸಾಕು. ನಿಮ್ಮ ಸಂಖ್ಯೆಯನ್ನು ಹತ್ತಿರದ ಊರಿನ ರೋಗಿಗಳಿಗೆ ಕೊಡಬಹುದೆಂದು ನಿಮ್ಮ ಆಸ್ಪತ್ರೆಯ ಆಹಾರ ತಜ್ಞರಿಗೆ ತಿಳಿಸಿಡಿ. ಭೇಟಿಗೆ ಹೋಟೆಲಿಗಿಂತ ಮಹಾರಾಜ ಪಾರ್ಕಿನಂಥ ಜಾಗ ಮೇಲು, ನಡೆಯುತ್ತಲೇ ಮಾತನಾಡಬಹುದು. ವಾಟ್ಸಾಪ್ ಗುಂಪು ಮಾಡಿದರೆ ಕೆಲವು ಕಟ್ಟುನಿಟ್ಟು ಇರಲೇಬೇಕು: ಇಲ್ಲಿ ಕೇಳಿದ ಹೆಸರು, ಫೋಟೋ ಹೊರಗೆ ಹೋಗಬಾರದು, ಒಬ್ಬರ ಮಾತ್ರೆಯನ್ನು ಇನ್ನೊಬ್ಬರಿಗೆ ಸೂಚಿಸಬಾರದು, ಪುಡಿ, ಕಷಾಯ ಮಾರುವವರಿಗೆ ಜಾಗವಿಲ್ಲ. ಯಾರು ಎಷ್ಟು ಕಿಲೋ ಇಳಿದರು ಎಂಬ ಪೈಪೋಟಿಯನ್ನು ಮೊದಲ ದಿನವೇ ತಡೆಯಬೇಕು, ಏಕೆಂದರೆ ಸ್ಲೀವ್ ಆದವರಿಗೂ ಬೈಪಾಸ್ ಆದವರಿಗೂ, ಇಪ್ಪತ್ತೈದರವರಿಗೂ ಐವತ್ತೈದರವರಿಗೂ ಇಳಿಕೆ ಒಂದೇ ಆಗಿರುವುದಿಲ್ಲ. ಹೆಂಗಸರಿಗೆ ಪ್ರತ್ಯೇಕವಾಗಿ ಮಾತನಾಡಲು ಅವಕಾಶವಿದ್ದರೆ ಅವರು ಹೆಚ್ಚು ಬಿಚ್ಚಿ ಮಾತನಾಡುತ್ತಾರೆ.

ಯಾವಾಗ ಬಳಗವನ್ನು ಕೇಳುತ್ತ ಕೂರದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು?

ಮೊದಲ ವಾರಗಳಲ್ಲಿ ಜ್ವರ, ಇಳಿಯದ ಎದೆಬಡಿತ, ಹೆಚ್ಚುತ್ತಿರುವ ಹೊಟ್ಟೆನೋವು ಅಥವಾ ಭುಜದ ನೋವು ಹೊಲಿಗೆಯ ಜಾಗದಲ್ಲಿ ಸೋರಿಕೆಯ ಲಕ್ಷಣವಿರಬಹುದು. ಒಂದು ಕಾಲಿನ ಮೀನಖಂಡ ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ರಕ್ತ ಹೆಪ್ಪುಗಟ್ಟಿರುವ ಸೂಚನೆ. ಕಪ್ಪು ಮಲ, ರಕ್ತವಾಂತಿ, ನೀರೂ ನಿಲ್ಲದ ವಾಂತಿ, ಇವುಗಳಲ್ಲಿ ಯಾವುದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಅಲ್ಲಿಂದಲೇ ನಿಮ್ಮ ಶಸ್ತ್ರಚಿಕಿತ್ಸಕರಿಗೆ ಫೋನ್ ಮಾಡಿಸಿ.

ಐದಾರು ವರ್ಷವಾಗಿದೆ, ಚೆನ್ನಾಗಿಯೇ ಇದ್ದೇನೆ. ಇನ್ನೂ ತಪಾಸಣೆ ಬೇಕೇ?

ಬೇಕು. ಬಿ12 ಕೊರತೆ ನಿಧಾನವಾಗಿ, ವರ್ಷಗಳ ನಂತರ ಕಾಣಿಸಿಕೊಳ್ಳಬಹುದು. ಪಾದಗಳಲ್ಲಿ ಜುಮುಜುಮು, ಮರೆವು, ನಾಲಿಗೆ ಉರಿಯನ್ನು ವಯಸ್ಸಿನ ಲೆಕ್ಕಕ್ಕೆ ಸೇರಿಸಬೇಡಿ. ಮಾಂಸ ಮೊಟ್ಟೆ ತಿನ್ನದವರಲ್ಲಿ ಈ ಕೊರತೆ ಇನ್ನೂ ಹೆಚ್ಚು. ಬೈಪಾಸ್ ಆದವರಲ್ಲಿ ಕರುಳಿನ ಸುರುಳಿ ಒಳಗಿನ ಸಂದಿಯಲ್ಲಿ ಸಿಕ್ಕಿಕೊಳ್ಳುವ ತೊಂದರೆ ಎಷ್ಟು ವರ್ಷಗಳ ನಂತರವಾದರೂ ಬರಬಹುದು. ಊಟವಾದ ಮೇಲೆ ಬಿಟ್ಟು ಬಿಟ್ಟು ನುಲಿಯುವ ಹೊಟ್ಟೆನೋವು ಅದರ ಗುರುತು. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಸುಮ್ಮನಾಗದೆ, ಬೈಪಾಸ್ ಆಗಿದೆಯೆಂದು ಹೇಳಿ ಸಿಟಿ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ನೀವೇ ಕೇಳಿ.